ನಾಲ್ಕೂವರೆ ಲೀಟರಿಗೆ ಒಂದು ಕ್ವಾರ್ಟರ್

ನಮ್ಮ ಮನೆಯಲ್ಲಿ ‘ಎಣ್ಣೆ’ ಎಂಬ ಶಬ್ದವನ್ನು ನಾನು ನಿಷೇಧಿಸಿದ್ದೆ. ಒಗ್ಗರಣೆಗೆ ಹಾಕುವುದನ್ನು ‘ಕಡಲೆಕಾಯಿದು’ ಎನ್ನಬೇಕು, ತಲೆಗೆ ಹಚ್ಚುವುದನ್ನು ‘ಕೊಬ್ಬರಿದು’ ಎನ್ನಬೇಕು. ನನ್ನ ಗಂಡ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಆ ಶಬ್ದ ಕಿವಿಗೆ ಬಿದ್ದರೆ ಎಲ್ಲಿ ಹಳೆಯ ನೆಂಟಸ್ತಿಕೆ ನೆನಪಾಗುತ್ತದೋ ಎಂಬ ಭಯ ನನಗೆ. ಅವರು ಬಿಟ್ಟಿದ್ದಾರೆಂದು ಊರೆಲ್ಲ ನಂಬಿತ್ತು. ನನಗೆ ಮಾತ್ರ ಸಂಜೆ ಅವರು ಹೊಸ್ತಿಲು ದಾಟಿದರೆ ಸಾಕು, ಮೂಗು ತಾನಾಗಿಯೇ ಅರಳುತ್ತಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಹಳ್ಳಿ. ಆ ವರ್ಷ ಬದುವಿನ ಹೊಂಗೆ ಮರ ಗಾಳಿಗೆ ಉರುಳಿ ಗದ್ದೆಯ ಗಾಡಿದಾರಿಗೆ ಅಡ್ಡ ಬಿತ್ತು. ಕೊಡಲಿ ಹಿಡಿಯುವವರು ಒಬ್ಬರೂ ಸಿಗಲಿಲ್ಲ. ಇವರು ಮದ್ದೂರಿಗೆ ಹೋಗಿ ಪೆಟ್ರೋಲಿನಲ್ಲಿ ಓಡುವ ಗರಗಸದ ಮಿಷನ್ನು ತಂದರು. ಜಗಲಿಯ ಮೇಲಿಟ್ಟು, ಆಗತಾನೆ ಹುಟ್ಟಿದ ಕರುವಿನ ಮೈ ಸವರುವ ಹಾಗೆ ಸವರಿದರು. ನನ್ನನ್ನು ಅಷ್ಟು ಮುತುವರ್ಜಿಯಿಂದ ನೋಡಿದ್ದು ನೆನಪಿಲ್ಲ.

ಅಂದು ಸಂಜೆ ಹಾಲು ಕರೆಯಲು ಹೊರಟವಳಿಗೆ ಹಿತ್ತಲಿನಿಂದ ಅವರ ಫೋನಿನ ಮಾತು ಕೇಳಿಸಿತು. ಆ ಕಡೆ ಇದ್ದವನು ಹಳೆಯ ಗೆಳೆಯ, ಒಂದು ಕಾಲದಲ್ಲಿ ಜೊತೆಯಲ್ಲಿ ಕೂತು ಕುಡಿಯುತ್ತಿದ್ದವನು.

“ಎಣ್ಣೆ ಸಿಕ್ತು ಕಣ್ಲಾ. ಕೊಟ್ಗೆ ಸೂರ್ನಾಗೆ ಮಡಗಿವ್ನಿ, ಇವಳ್ಗೆ ಗೊತ್ತಾಗ್ಬಾರ್ದು. ಬೆಳಿಗ್ಗೆ ಬೇಗ ಬಾ, ಮಿಕ್ಸ್ ಮಾಡ್ಕಂಡು ಸುರು ಅಚ್ಕಳನ.”

ಅದೂ ಬೆಳಿಗ್ಗೆಯೇ ಶುರು! ಕೊಟ್ಟಿಗೆಯ ಸೂರಿಗೆ ಕೈ ಹಾಕಿದರೆ ಸಿಕ್ಕೇಬಿಟ್ಟಿತು. ಕ್ವಾರ್ಟರ್ ಬಾಟಲಿ, ಮೈಮೇಲಿನ ಚೀಟಿ ಸಮೇತ, ಒಳಗೆ ಕುತ್ತಿಗೆಯವರೆಗೂ ಕಂದು ಬಣ್ಣ. ಆ ವಾಸನೆ ಇನ್ನು ಜನ್ಮದಲ್ಲಿ ಬೇಡವೆಂದು ಮೂಗಿಗೆ ಸೆರಗು ಒತ್ತಿಕೊಂಡು, ಮುಖ ಆ ಕಡೆ ತಿರುಗಿಸಿ, ಅಷ್ಟನ್ನೂ ತಿಪ್ಪೆಗೆ ಸುರಿದೆ. ಸುರಿಯುತ್ತಲೇ ಅತ್ತೆ.

ಅತ್ತ ಮೇಲೆ ಸಿಟ್ಟು ಬಂತು. ಒಂದು ಅಚ್ಚು ಬೆಲ್ಲ ಕುಟ್ಟಿ, ಶುಂಠಿ ಮೆಣಸು ಹಾಕಿ, ಅದೇ ಬಣ್ಣ ಬರುವವರೆಗೂ ಕಾಯಿಸಿ, ಆರಿಸಿ, ಬಾಟಲಿಗೆ ತುಂಬಿ ಮತ್ತೆ ಸೂರಿನಲ್ಲಿಟ್ಟೆ. ಕುಡಿಯಲಿ, ಗೆಳೆಯನ ಮುಂದೆ ಮುಖ ಕಿವುಚಲಿ, ಆಮೇಲೆ ನಾನು ಬರುತ್ತೇನೆ ಎಂದುಕೊಂಡೆ.

ಬೆಳಿಗ್ಗೆ ಗದ್ದೆಯ ಕಡೆಯಿಂದ ಮಿಷನ್ನು ಬುರ್ರೆಂದಿತು, ಕೆಮ್ಮಿತು, ನಿಂತಿತು. ಹೋಗಿ ನೋಡಿದರೆ ಇಬ್ಬರೂ ಬೆವರು ಸುರಿಸುತ್ತಾ ಮಿಷನ್ನು ಚಾಲೂ ಮಾಡುವ ದಾರ ಎಳೆಯುತ್ತಿದ್ದರು. ಯಾರ ಮುಖವೂ ಕಿವುಚಿರಲಿಲ್ಲ. ಮದ್ದೂರಿಗೆ ಒಯ್ಯಬೇಕೆಂದರು. ಆ ಗೆಳೆಯನ ಜೊತೆ ಪೇಟೆಗೆ ಕಳಿಸಿದರೆ ಇಬ್ಬರೂ ಎಲ್ಲಿ ಹೋಗಿ ಕೂರುತ್ತಾರೆಂದು ನನಗೆ ಗೊತ್ತಿಲ್ಲವೇ? “ನಾನೇ ಬತ್ತೀನಿ” ಎಂದು ಗರಗಸವನ್ನು ಮಡಿಲಲ್ಲಿಟ್ಟುಕೊಂಡು ಬೈಕಿನ ಹಿಂದೆ ಹತ್ತಿದೆ. ದಾರಿಯುದ್ದಕ್ಕೂ ಅದರ ಹಲ್ಲು ನನ್ನ ಕಡೆಗೇ ಇತ್ತು.

ಮಿಷನ್ನು ಮಾರಿದ್ದ ಮೆಕ್ಯಾನಿಕ್ ಭಾಯಿ ಅದರ ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಗಾಜಿನ ಸೀಸೆಗೆ ಬಗ್ಗಿಸಿದರು. ಮೇಲೆ ಪೆಟ್ರೋಲು, ತಳದಲ್ಲಿ ಕಂದು ನೀರು. ಬೆರಳದ್ದಿ ಉಜ್ಜಿದರು, ಅಂಟಿತು.

“ಇದೇನಣ್ಣಾ, ಪಾಕ! ನಾನು ಕೊಟ್ಟಿದ್ದು ಮಿಷನ್ ಎಣ್ಣೆ ಅಲ್ವಾ? ನಾಲ್ಕೂವರೆ ಲೀಟ್ರು ಪೆಟ್ರೋಲ್ಗೆ ಒಂದು ಕ್ವಾರ್ಟರ್ ಬೆರ್ಸಿ ಅಂತ ಅಳ್ದು ತುಂಬ್ಕೊಟ್ಟಿದ್ದೆ.” ಆಮೇಲೆ ನನ್ನತ್ತ ತಿರುಗಿ, “ನಾನು ಅದ್ನ ಮುಟ್ಟಾಕಿಲ್ಲ ಕಣಮ್ಮ, ಖಾಲಿ ಬಾಟ್ಲಿ ಮಾತ್ರ ಮಡಗಿವ್ನಿ. ಮಿಲಿ ಲೆಕ್ಕ ಏಳುದ್ರೆ ಯಾರ್ಗೂ ತಲೆಗೋಗಾಕಿಲ್ಲ. ಕ್ವಾರ್ಟರ್ ಅಂದ್ರೆ ತಟ್ನೆ ತಿಳ್ಕತಾರೆ” ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಇವರು ಜೇಬಿನಿಂದ ಖಾಲಿ ಬಾಟಲಿ ತೆಗೆದು ಮೂಸಿದರು. ಶುಂಠಿ. ನಿಧಾನವಾಗಿ ನನ್ನ ಮುಖ ನೋಡಿದರು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ.

“ನಿನ್ನೆ ವಸಿ ಎಚ್ಚಾಗಿತ್ತು ಕಣಣ್ಣಾ,” ಎಂದರು ಭಾಯಿಗೆ. “ಬೆಳಿಗ್ಗೆ ಇನ್ನೂ ಇಳ್ದಿರ್ಲಿಲ್ಲ. ಯಾವ್ದೋ ಬಾಟ್ಲಿ ಸುರ್ದ್ಬುಟ್ಟೆ.”

ಅಲ್ಲಿ ಮೊಪೆಡ್ಡು ರಿಪೇರಿಗೆ ಕೂತಿದ್ದ ನಮ್ಮೂರಿನವರೊಬ್ಬರು ನಕ್ಕರು. “ಬುಟ್ಟೀವ್ನಿ ಬುಟ್ಟೀವ್ನಿ ಅಂತಿದ್ದಲ್ಲಲಾ!”

ಇವರೂ ಹಲ್ಲು ಕಿರಿದರು. ನನಗೆ ತಡೆಯಲಾಗಲಿಲ್ಲ.

“ಯಾರ್ರೀ ಕುಡ್ದಿದ್ದು? ಎರಡು ವರ್ಸದಿಂದ ಒಂದು ತೊಟ್ಟು ಮುಟ್ಟಿಲ್ಲ ಅವ್ರು! ಬೆಲ್ಲ ಉಯ್ದಿದ್ದು ನಾನು!”

ಅಂಗಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಅವರು ಕುಡಿತ ಬಿಟ್ಟಿದ್ದಾರೆಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ನನಗೂ ಅದು ನಿಜವೆನಿಸಿತು.

ಭಾಯಿ ಮಾತ್ರ ಮಿಷನ್ನು ಬಿಚ್ಚುತ್ತಲೇ ಇದ್ದರು. “ಬೆಲ್ಲ ಪೆಟ್ರೋಲ್ ಪೈಪಿನ ಬಾಯಿ ಕಟ್ಟಿ ಮಿಷನ್ ನಿಂತದೆ, ಪುಣ್ಯ. ಎಣ್ಣೆ ಇಲ್ದೆ ಬರೀ ಪೆಟ್ರೋಲ್ನಾಗೆ ಓಡಿದ್ರೆ ಪಿಸ್ಟನ್ ಹಿಡ್ಕತಿತ್ತು.”

ಸಂಜೆ ಹೊರಡುವಾಗ ಅದೇ ಬಾಟಲಿಗೆ ಮತ್ತೆ ಅಳೆದು ತುಂಬಿಕೊಟ್ಟರು. ಬೈಕು ಹತ್ತುತ್ತಾ, “ನಂಗೆ ಹೇಳ್ದೆ ಯಾಕೆ ಬಚ್ಚಿಟ್ರಿ?” ಎಂದೆ.

“ಬಾಟ್ಲಿ ನೋಡಿದ್ಮೇಲೆ ನೀನು ನನ್ ಮಾತ ನಂಬ್ತಿದ್ದಾ?”

ಮಡಿಲಲ್ಲಿ ಗರಗಸ, ಕೈಯಲ್ಲಿ ತುಂಬಿದ ಕ್ವಾರ್ಟರ್. ಸೆರಗಿನಲ್ಲಿ ಮುಚ್ಚದೆ ಪೇಟೆಯುದ್ದಕ್ಕೂ ಹಾಗೇ ಹಿಡಿದು ಕೂತೆ. ನಮ್ಮೂರ ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬರು ಕಣ್ಣರಳಿಸಿ, “ಏನೇ ಅದು ಕೈನಾಗೆ?” ಎಂದು ಕೂಗಿದರು.

“ಎಣ್ಣೆ ಕಣಜ್ಜಿ,” ಎಂದೆ ಗಟ್ಟಿಯಾಗಿ. “ನಮ್ಮೆಜಮಾನ್ರದು.”