ಕಾಗದದ ಕೊಳವೆಯಲ್ಲಿ ಅಪ್ಪನ ಉಸಿರು

ನಾನು ಚಿಕ್ಕವಳಿದ್ದಾಗ, ಒಂದು ಮಧ್ಯಾಹ್ನ, ಅಕ್ಕ ನನ್ನ ಗಣಿತದ ನೋಟ್‌ಬುಕ್ಕಿನಿಂದ ಹತ್ತು ಹಾಳೆ ಹರಿದಳು. ನಾನು ಜಗಳವಾಡಲಿಲ್ಲ. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಒಂದೂವರೆ ತಿಂಗಳಾಗಿತ್ತು; ನನ್ನ ಶಾಲೆ ಮುಚ್ಚಿತ್ತು. ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕರೆಂಟಿರಲಿಲ್ಲ. ಗೋಡೆ ಮುಟ್ಟಿದರೂ ಬಿಸಿ. ಕಿಟಕಿ ತೆರೆದರೆ ಸುಟ್ಟ ರಬ್ಬರಿನ ವಾಸನೆ.

ಮರುದಿನ ಹೊರಡುವ ಬಸ್ಸಿನಲ್ಲಿ ನಮಗೆ ನಾಲ್ಕು ಸೀಟು ಸಿಕ್ಕಿದ್ದವು. ಬಾಗ್ದಾದ್ ದಾಟಿ, ಮರುಭೂಮಿ ದಾಟಿ ಜೋರ್ಡಾನಿಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ. ಅದೇ ನಗರದ ಶುವೈಖಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ಆ ಸೀಟುಗಳಿಗಾಗಿ ಎಷ್ಟೋ ದಿನ ಬಿಸಿಲಲ್ಲಿ ಸಾಲು ನಿಂತಿದ್ದರು. ಆದರೆ ಮೂರು ದಿನದಿಂದ ಅವರಿಗೆ ಜ್ವರ. ಕೆಮ್ಮುವಾಗ ಬಲಪಕ್ಕೆಯನ್ನು ಒತ್ತಿ ಹಿಡಿಯುತ್ತಿದ್ದರು. ಕೇಳಿದರೆ, "ಎಂತ ಇಲ್ಲ, ಧೂಳಿನ ಕೆಮ್ಮು" ಎನ್ನುತ್ತಿದ್ದರು.

ಅಕ್ಕ ಊರಲ್ಲಿ ನರ್ಸಿಂಗ್ ಕಲಿತು ಆ ವರ್ಷವಷ್ಟೇ ಕುವೈತಿನ ಸಣ್ಣ ಕ್ಲಿನಿಕ್ಕೊಂದಕ್ಕೆ ಸೇರಿದ್ದಳು. ಕ್ಲಿನಿಕ್ ಲೂಟಿಯಾಗಿ ಅವಳ ಸ್ಟೆತೊಸ್ಕೋಪೂ ಹೋಗಿತ್ತು. ಅದಕ್ಕೇ ನನ್ನ ಹಾಳೆಗಳನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಅಪ್ಪನ ಬೆನ್ನಿಗೆ ಇಟ್ಟಳು. ಅಪ್ಪನಿಗೆ ನಗು ಬಂತು.

"ನಗಬೇಡಿ. ಮೊದಲ ಸ್ಟೆತೊಸ್ಕೋಪ್ ಇದೇ," ಎಂದು ಅಕ್ಕ ತಾನು ಕಲಿತ ಕಥೆ ಹೇಳಿದಳು. ತುಂಬ ಹಿಂದೆ ಫ್ರಾನ್ಸಿನಲ್ಲಿ ಒಬ್ಬ ವೈದ್ಯನಿದ್ದ. ಆಗೆಲ್ಲ ವೈದ್ಯರು ರೋಗಿಯ ಎದೆಗೇ ಕಿವಿ ಇಡುತ್ತಿದ್ದರು. ಒಬ್ಬ ಹೆಂಗಸಿನ ಎದೆಗೆ ಕಿವಿ ಇಡಲು ಸಂಕೋಚವಾಗಿ ಅವನು ಕಾಗದ ಸುತ್ತಿ ಇಟ್ಟು ನೋಡಿದ. ಹೃದಯದ ಬಡಿತ ಇನ್ನೂ ಚೆನ್ನಾಗಿ ಕೇಳಿಸಿತು. ಆಮೇಲೆ ಮರದ ಕೊಳವೆ ಮಾಡಿಕೊಂಡ. ಶಿಷ್ಯರನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದು, ಯಾವ ಸದ್ದಿಗೆ ಯಾವ ಕಾಯಿಲೆ ಎಂದು ಕಲಿಸಿದ.

"ಕಡೆಗೆ ಅವನಿಗೆ ಎಂತ ಆಯ್ತು?" ಅಪ್ಪ ಕೇಳಿದರು.

ಅಕ್ಕ ಕೊಳವೆಯ ದಾರವನ್ನು ಇನ್ನೊಮ್ಮೆ ಬಿಗಿದಳು. "ಅವನಿಗೇ ಕ್ಷಯ ಬಂತು. ಅವನ ಕುಟುಂಬದ ಹುಡುಗನೇ ಅಂಥ ಕೊಳವೆಯಲ್ಲಿ ಕೇಳಿ ಹೇಳಬೇಕಾಯ್ತು. ಈಗ ಉಸಿರು ಎಳೆಯಿರಿ, ಅಪ್ಪ."

ಅಪ್ಪ ಮತ್ತೆ ನಗಲಿಲ್ಲ. ತಾನು ಕೇಳಿದ ಮೇಲೆ ಅಕ್ಕ ನನಗೂ ಕೇಳಿಸಿದಳು. ಎಡಗಡೆ ಗಾಳಿ ಮೆತ್ತಗೆ ಓಡಾಡುತ್ತಿತ್ತು. ಬಲಗಡೆ ಕೆಳಗೆ, ಕಿವಿಯ ಹತ್ತಿರ ಕೂದಲು ಉಜ್ಜಿದ ಹಾಗೆ ಚರಚರ ಸದ್ದು.

"ನ್ಯುಮೋನಿಯಾ ಇರಬೇಕು. ಈಗಲೇ ಆಸ್ಪತ್ರೆಗೆ ಹೋಗುವ," ಎಂದಳು ಅಕ್ಕ.

"ಈ ಬಸ್ ತಪ್ಪಿದರೆ ಖಲಾಸ್. ನೀವು ಮೂವರು ಹೋಗಿ," ಎಂದರು ಅಪ್ಪ.

ಅಮ್ಮ ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚತೊಡಗಿದಳು. "ಹೋದರೆ ನಾಲ್ವರೂ," ಎಂದಳು, ಅಷ್ಟೇ.

ಸೀಟುಗಳನ್ನು ಕೆಳಗಿನ ಮನೆಯವರಿಗೆ ಬಿಟ್ಟುಕೊಟ್ಟೆವು. ಆ ಮನೆಯ ಯಜಮಾನರೇ ತಮ್ಮ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ಬಂದೂಕು ಹಿಡಿದ ಸೈನಿಕನೊಬ್ಬ ಕಾರು ನಿಲ್ಲಿಸಿದ. ಅಕ್ಕನ ಕೈಯಲ್ಲಿದ್ದ ಕೊಳವೆಯನ್ನು ಕಿತ್ತುಕೊಂಡು, ದಾರ ಬಿಚ್ಚಿ, ಒಂದೊಂದೇ ಹಾಳೆ ತಿರುವಿದ. ಅದರಲ್ಲಿದ್ದದ್ದು ನನ್ನ ಭಿನ್ನರಾಶಿ ಲೆಕ್ಕಗಳು. ಅಪ್ಪನಿಗೆ ಕೆಮ್ಮು ಒತ್ತರಿಸಿ ಬಂತು. ಸೈನಿಕ ಒಂದು ಹೆಜ್ಜೆ ಹಿಂದೆ ಸರಿದು, ಹಾಳೆಗಳನ್ನು ರಸ್ತೆಗೆ ಎಸೆದು, "ಯಲ್ಲಾ" ಎಂದು, ಹೊರಡಿ ಎಂಬಂತೆ ಕೈ ಬೀಸಿದ.

ಆಸ್ಪತ್ರೆಯಲ್ಲಿ ಉಳಿದಿದ್ದ ಕೆಲವೇ ವೈದ್ಯರಲ್ಲಿ ಒಬ್ಬರು ಅಪ್ಪನ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಅಕ್ಕ ಹೇಳಿದ್ದು ಸರಿ ಎಂದರು. ಅಕ್ಕ ಹೊರಗೆ ಬಂದು, ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತಳು. "ನನ್ನ ಕಿವಿ ತಪ್ಪಿದ್ದರೆ, ಎಲ್ಲರನ್ನೂ ನಾನೇ ಇಲ್ಲಿ ಸಿಕ್ಕಿಸಿ ಹಾಕಿದ ಹಾಗೆ ಆಗ್ತಿತ್ತು," ಎಂದಳು.

ಅಪ್ಪ ಹುಷಾರಾಗಲು ಮೂರು ವಾರ ಬೇಕಾಯಿತು. ಅಷ್ಟು ದಿನವೂ, ನಮಗೆ ಬೇರೆ ಬಸ್ ಸಿಗುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿತು. ನಾಲ್ವರೂ ಊರು ಸೇರಿದೆವು. ಅಪ್ಪ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಹತ್ತು ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು.

ಮಕ್ಕಳೇ, ಈಗ ನಿಮಗೆ ಜ್ವರ ಬಂದರೆ ನಿಮ್ಮಮ್ಮ ಕೂತಲ್ಲಿಂದಲೇ ಫೋನಿನಲ್ಲಿ ಡಾಕ್ಟರನ್ನು ಗೊತ್ತುಮಾಡುತ್ತಾಳೆ. ದಾರಿಯಲ್ಲಿ ನಿಮ್ಮನ್ನು ತಡೆಯುವುದು ಸಿಗ್ನಲ್ಲಿನ ಕೆಂಪು ದೀಪ ಒಂದೇ. ಅದು ಹಸಿರಾಗಲು ತಡವಾಯಿತೆಂದು ನೀವು ಗೊಣಗುತ್ತೀರಿ. ಪಕ್ಕದಲ್ಲಿ ನಿಮ್ಮ ಅಜ್ಜಿ ನಾನು ಕೂತಿರುತ್ತೇನೆ. ನಿಮ್ಮ ದಾರಿಗೆ ಎಂದೂ ಇಷ್ಟೇ ತಡೆ ಇರಲಿ ಎಂದುಕೊಂಡು, ನಿಮ್ಮ ಬಿಸಿ ಕೈಯನ್ನು ಹಿಡಿದುಕೊಳ್ಳುತ್ತೇನೆ.