ಲಿಫ್ಟಣ್ಣನ ಬೆನ್ನು, ಅಮ್ಮನ ಸ್ಟೂಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಳೇ ಕಟ್ಟಡದ ಮೆಟ್ಟಿಲ ಮೇಲೆ ಒಂದು ಫ್ರಿಡ್ಜು ತಾನೇ ತಾನಾಗಿ ಹತ್ತಿಕೊಂಡು ಹೋಗುತ್ತಿದೆ. ಕೆಳಗೆ ನಿಂತು ನೋಡಿದರೆ ಹಾಗೇ ಕಾಣುತ್ತದೆ: ಬೂದು ಬಣ್ಣದ ಎರಡು ಬಾಗಿಲಿನ ಫ್ರಿಡ್ಜು, ಅದರ ಕೆಳಗೆ ಎರಡು ಕಾಲು, ಕಾಲಿಗೆ ಹೆಬ್ಬೆರಳು ಇಣುಕುವ ಕ್ಯಾನ್ವಾಸ್ ಶೂ. ತಿರುವಿನಲ್ಲಿ ಫ್ರಿಡ್ಜು ನಿಲ್ಲುತ್ತದೆ. ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತದೆ. ಆಮೇಲೆ ಮಾತಾಡುತ್ತದೆ.

"ಮೇಡಂ, ಆ ಚಪ್ಪಲಿ ಸ್ಟ್ಯಾಂಡ್ ಸ್ವಲ್ಪ ಪಕ್ಕಕ್ಕೆ ಎಳ್ಕೊಳ್ಳಿ. ಹೀರೋ ಎಂಟ್ರಿ ಆಗ್ತಿದೆ."

ಮೇಲಿನಿಂದ ನಗು ಕೇಳಿಸುತ್ತದೆ. ಸ್ಟ್ಯಾಂಡ್ ಸರಿಯುತ್ತದೆ. ಫ್ರಿಡ್ಜು ಬಾಗಿಲಲ್ಲಿ ಮೊಣಕಾಲು ಬಗ್ಗಿಸಿ, ಓರೆಯಾಗಿ, ಚೌಕಟ್ಟಿನ ಬಣ್ಣಕ್ಕೆ ಒಂದು ಗೀರೂ ಬೀಳದಂತೆ ಒಳಗೆ ಹೋಗುತ್ತದೆ. ಆಗ ಅದರ ಹಿಂದಿನಿಂದ ಕೇಳಿಬರುವುದು ಆ ಮನುಷ್ಯ ದಿನವಿಡೀ ಕೇಳುವ ಒಂದೇ ಪ್ರಶ್ನೆ: "ಇದನ್ನ ಎಲ್ಲಿ ಇಡೋದು?"

ಅವನಿಗೆ ಲಿಫ್ಟಣ್ಣ ಅಂತ ಹೆಸರು. ಲಿಫ್ಟ್ ಇಲ್ಲದ ಕಟ್ಟಡಗಳಿಗೆ ಅವನೇ ಲಿಫ್ಟು. ಜನ ಮನೆ ಬದಲಾಯಿಸುವಾಗ ಬೀರು, ಮಂಚ, ವಾಷಿಂಗ್ ಮಷೀನು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಏರಿಸುವುದು, ಇಳಿಸುವುದು ಅವನ ಕೆಲಸ. ಎರಡು ಭುಜದ ಮೇಲೆ ಹಾದು ಸಾಮಾನಿನ ತಳಕ್ಕೆ ಬೀಳುವ ಅಗಲವಾದ ಒಂದು ಬೆಲ್ಟು, ಬೆನ್ನಿಗೆ ಮಡಚಿದ ಗೋಣಿ. ಇಷ್ಟೇ ಬಂಡವಾಳ. ಜೊತೆಗೆ ಟೆಂಪೋದ ಡ್ರೈವರಣ್ಣ. ಅವನು ಸಾಮಾನು ಕೊಡುವವನು, ಇವನು ಹೊರುವವನು. "ನಮ್ಮದು ಡಬಲ್ ಆಕ್ಟಿಂಗ್ ಅಲ್ಲ ಸಾರ್, ಫೈಟೆಲ್ಲ ಇವನದೇ. ನಂದು ಬರೀ ಡೈಲಾಗು," ಅಂತಾನೆ ಡ್ರೈವರಣ್ಣ.

ಬೇರೆಯವರ ಮನೆಯನ್ನು ಖಾಲಿಯಿದ್ದಾಗ ನೋಡುವುದು ಇವರಿಬ್ಬರೇ. ಗೋಡೆಯಲ್ಲಿ ಹಳಬರು ಬಿಟ್ಟುಹೋದ ಮೊಳೆ, ಬಾಗಿಲ ಹಿಂದೆ ಮಕ್ಕಳ ಎತ್ತರದ ಪೆನ್ಸಿಲ್ ಗೆರೆ. ಸಾಮಾನು ತುಂಬಿ, ದೀಪ ಹತ್ತಿ, ಮನೆ ಮನೆಯ ಹಾಗೆ ಕಾಣುವ ಹೊತ್ತಿಗೆ ಇವರು ಹೊರಗೆ. ಬಾಗಿಲು ಮುಚ್ಚಿಕೊಳ್ಳುತ್ತದೆ. "ಎಷ್ಟೋ ಮನೆಗೆ ನಾನೇ ಮೊದಲು ಕಾಲಿಟ್ಟಿರೋದು. ಎರಡನೇ ಸಲ ಯಾರೂ ಕರೆದಿಲ್ಲ," ಅಂತಾನೆ ಲಿಫ್ಟಣ್ಣ. ದೂರು ಅಲ್ಲ. ಬೆವರು ಒರೆಸಿಕೊಳ್ಳುತ್ತ ಆಡುವ ಮಾತು.

ಇಷ್ಟು ಜನರ ಮನೆ ಹೂಡಿಸಿದವನಿಗೆ ಒಂದು ಸಾಮಾನನ್ನು ಮಾತ್ರ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ತಲೆ ಕೆಟ್ಟುಹೋಗಿತ್ತು. ಆ ಸಾಮಾನು, ಅವನ ಅಮ್ಮ.

ಅಮ್ಮ ಒಂದು ಕಾಲದಲ್ಲಿ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂತಿದ್ದವಳು. ಬೀದಿಗೆಲ್ಲ ಅವಳು ಕೌಂಟರಮ್ಮ. ಕೈ ತೂರುವಷ್ಟು ಕಿಂಡಿ, ಅದರ ಹಿಂದೆ ಎತ್ತರದ ಮರದ ಸ್ಟೂಲು, ಸ್ಟೂಲಿನ ಮೇಲೆ ಅವಳು. ದೊಡ್ಡ ದೊಡ್ಡ ರೌಡಿಗಳೂ ಆ ಕಿಂಡಿಯ ಮುಂದೆ ಬಗ್ಗಿ ನಿಂತು "ಅಕ್ಕಾ, ಎರಡೇ ಎರಡು" ಅಂತ ಗೋಗರೆಯುತ್ತಿದ್ದರು. "ಹೌಸ್‌ಫುಲ್, ಹೋಗ್ರೀ" ಅಂತ ಅವಳು ಪಟ್ಟನೆ ಕಿಂಡಿ ಮುಚ್ಚುತ್ತಿದ್ದಳು. ಮಗನಿಗೂ ಅದೇ ಕಾನೂನು. "ಅಮ್ಮ ಅಂತ ಸೀದಾ ಮುಂದೆ ಹೋದ್ರೆ, ‘ಲೈನಲ್ಲಿ ಬಾ’ ಅನ್ನೋಳು. ಲೈನಲ್ಲಿ ನಿಂತು ನನ್ನ ಸರದಿ ಬರೋ ಹೊತ್ತಿಗೆ ಹೌಸ್‌ಫುಲ್. ಅಮ್ಮ ಟಾಕೀಸಲ್ಲಿ ಇದ್ರೂ ನಾನು ಸಿನಿಮಾ ಕೇಳಿಸ್ಕೊಂಡಿದ್ದೇ ಜಾಸ್ತಿ, ಹಿಂದಿನ ಬಾಗಿಲಿಗೆ ಕಿವಿ ಇಟ್ಟು."

ಟಾಕೀಸು ಮುಚ್ಚಿತು. ಅಮ್ಮನ ಕೌಂಟರಿನ ಬಾಯಿ ಮುಚ್ಚಲಿಲ್ಲ. ಅಪ್ಪ ಮೊದಲೇ ತೀರಿಹೋಗಿದ್ದ. ಒಬ್ಬಳೇ ಒಂದೊಂದೇ ಬಾಡಿಗೆ ರೂಮಿನಲ್ಲಿದ್ದು, ಒಬ್ಬೊಬ್ಬ ಮಾಲೀಕರ ಜೊತೆಗೂ ಕಿತ್ತಾಡಿ, ಎಲ್ಲರ ಬಾಯಲ್ಲೂ ಬೈಸಿಕೊಂಡಳು. ಒಬ್ಬರ ನೀರಿನ ಟ್ಯಾಂಕಿಗೆ ಬೀಗ ಹಾಕಿದಳು. ಇನ್ನೊಬ್ಬರ ಅಳಿಯನಿಗೆ "ನಿನ್ನ ಮುಖಕ್ಕೆ ಬಾಲ್ಕನಿ ಬೇರೆ ಕೇಡು" ಅಂದಳು. ಪ್ರತಿ ಸಲವೂ ಟೆಂಪೋ ತಂದವನು ಲಿಫ್ಟಣ್ಣನೇ. ಕೊನೆಯ ಮಾಲೀಕರು ಕೈ ಮುಗಿದು ಹೇಳಿದರು: "ತಿಂಗಳ ಕೊನೇಗೆ ನಿಮ್ಮ ತಾಯೀನ ಕರ್ಕೊಂಡು ಹೋಗಪ್ಪ. ನಮಗೂ ಬಿ.ಪಿ. ಇದೆ."

ಲಿಫ್ಟಣ್ಣ ಅಕ್ಕನಿಗೆ ಫೋನ್ ಮಾಡಿದ. ಅಕ್ಕನದು ನೆಲಮಹಡಿಯ ಮನೆ, ಒಂದು ರೂಮು ಹೆಚ್ಚಿಗೂ ಇತ್ತು.

"ಅಮ್ಮನ್ನ ಎಲ್ಲಿ ಇಡೋದು ಅಕ್ಕಾ?"

"ನನ್ನ ಕೇಳ್ಬೇಡ."

"ಮೆಟ್ಟಿಲು ಹತ್ತೋಕೆ ಆಗಲ್ಲ ಅವಳಿಗೆ. ಮಂಡಿ ಹೋಗಿದೆ. ನಂದು ಮೂರನೇ ಮಹಡಿ..."

"ಒಂದು ಸಲ ಫ್ರೆಂಡ್ ಮನೆಯಿಂದ ಲೇಟಾಗಿ ಬಂದೆ ಅಂತ ಬಾಗಿಲು ತೆಗೀಲಿಲ್ಲ ಕಣೋ. ಬೆಳಗಿನ ತನಕ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗಿಂದ ಕೆಮ್ಮೋದು ಕೇಳಿಸ್ತಿತ್ತು, ಎಚ್ಚರವಾಗೇ ಇದ್ಲು. ಆ ಕೆಮ್ಮು ಇನ್ನೊಂದು ಸಲ ನನ್ನ ಮನೇಲಿ ಕೇಳೋಕೆ ನನ್ನಿಂದ ಆಗಲ್ಲ." ಫೋನ್ ಇಡುವ ಮುಂಚೆ, "ಊಟ ಮಾಡ್ತಾಳಾ?" ಅಂದಳು. ಮಾಡ್ತಾಳೆ ಅಂದ. ಫೋನ್ ಕಟ್ಟಾಯಿತು.

ಅಕ್ಕನ ಮೇಲೆ ಅವನಿಗೆ ಸಿಟ್ಟಿಲ್ಲ. "ಅವಳದ್ದೇನೂ ತಪ್ಪಿಲ್ಲ ಸಾರ್. ನಂಗೂ ಪ್ರೀತಿ ಉಕ್ಕಿ ಹರೀತಿತ್ತು ಅಂತೆಲ್ಲ ಬರೀಬೇಡಿ, ಅಮ್ಮಾನೇ ಓದಿ ನಗ್ತಾಳೆ. ಆದ್ರೆ ಸಾಮಾನು ಬೀದೀಲಿ ಇಳಿಸಿ ಹೋಗೋದು ನಮ್ಮ ಕಸುಬಲ್ಲಿ ಇಲ್ಲ. ಯಾರದೇ ಆಗ್ಲಿ, ಒಳಗೆ ಇಟ್ಟೇ ಹೋಗ್ಬೇಕು."

ಹಾಗೆ ಒಂದು ಬೆಳಿಗ್ಗೆ, ಅಮ್ಮನನ್ನು ಲಿಫ್ಟಣ್ಣನ ರೂಮಿಗೇ ಸಾಗಿಸಲು, ಟೆಂಪೋ ಮತ್ತೆ ಅವಳ ಬಾಗಿಲಿಗೆ ಬಂತು. ಈ ಕಸುಬಿನಲ್ಲಿ ಕಣ್ಣು ಮುಚ್ಚಿಕೊಂಡು ಪಾಲಿಸುವ ಒಂದು ನಿಯಮವಿದೆ: ಮೊದಲು ಬೇಕಾದದ್ದು ಟೆಂಪೋಗೆ ಕೊನೆಗೆ ಹತ್ತಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಕುರ್ಚಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಏರಿಸುತ್ತಾರೆ. ಹೊಸ ಮನೆ ಮುಂದೆ ಟೆಂಪೋ ನಿಂತ ತಕ್ಷಣ ಅದೇ ಮೊದಲು ಇಳಿಯುತ್ತದೆ, ಅಜ್ಜನೋ ಅಜ್ಜಿಯೋ ಆರಾಮಾಗಿ ಕೂತು ಮಿಕ್ಕವರಿಗೆ ಹುಕುಂ ಕೊಡಬಹುದು. ಸಾವಿರ ಮನೆಗೆ ತಪ್ಪದೆ ಹೀಗೆ ಮಾಡಿದವನು ಅವತ್ತು ಅಮ್ಮನ ಟಾಕೀಸಿನ ಸ್ಟೂಲನ್ನು ಮೊಟ್ಟಮೊದಲು ಏರಿಸಿ, ಒಳಗಿನ ಮೂಲೆಯಲ್ಲಿ ಹಾಸಿಗೆ ಸುತ್ತಿ ಇಟ್ಟುಬಿಟ್ಟ. ಅದರ ಮುಂದೆ ಮಂಚ, ಬೀರು, ಟ್ರಂಕು, ಪಾತ್ರೆ ಡಬ್ಬ.

"ಮುರಿದು ಹೋದ್ರೆ ಅಂತ ಭಯ ಸಾರ್. ಟಾಕೀಸು ಮುಚ್ಚಿದಾಗ ಅವಳು ಹೊಡೆದಾಡಿ ಉಳಿಸ್ಕೊಂಡಿದ್ದು ಅದೊಂದೇ. ಭದ್ರವಾಗಿ ಇಡೋಣ ಅನ್ನೋ ಭರದಲ್ಲಿ ಅವಳು ಕೂರೋದೆಲ್ಲಿ ಅನ್ನೋದೇ ಹೊಳೀಲಿಲ್ಲ."

ಅವನ ಕಟ್ಟಡದ ಮುಂದೆ ಇಳಿದ ಅಮ್ಮ ಸುತ್ತ ನೋಡಿದಳು. "ನನ್ನ ಸ್ಟೂಲೆಲ್ಲಿ?"

ಡ್ರೈವರಣ್ಣ ತಲೆ ಕೆರೆದುಕೊಂಡ. "ಅದು ಕ್ಲೈಮ್ಯಾಕ್ಸಲ್ಲಿ ಬರುತ್ತೆ ಅಮ್ಮಾ."

"ಊರವರ ಮನೆಯೆಲ್ಲ ಹೊತ್ತು ಬೆನ್ನು ಸವೆಸಿದ್ದೀಯ, ಹೆತ್ತೋಳಿಗೆ ಕೂರೋಕೆ ಒಂದು ಸ್ಟೂಲು ಸಿಗಲ್ವೇನೋ? ನೀನು ಹುಟ್ಟಿದ ದಿನ ಫಸ್ಟ್ ಶೋನೇ ಕ್ಯಾನ್ಸಲ್ ಮಾಡ್ಬೇಕಿತ್ತು ನಾನು!"

ಎದುರಿನ ಅಂಗಡಿಯವರು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು. "ಕಂಡೋರ ಕುರ್ಚೀಲಿ ಕೂರಲ್ಲ" ಅಂದಳು. ಟೆಂಪೋದ ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು. ಮಂಡಿ ನಡುಗುತ್ತಿತ್ತು, ಬಾಯಿ ನಡುಗುತ್ತಿರಲಿಲ್ಲ. ಲಿಫ್ಟಣ್ಣ ಹುಚ್ಚು ಹಿಡಿದವನ ಹಾಗೆ ಸಾಮಾನು ಇಳಿಸಿದ. ಸ್ಟೂಲು ಬಂತು, ಅಮ್ಮ ಕೂತಳು. ಎಲ್ಲ ಸಾಮಾನೂ ಮೂರು ಮಹಡಿ ಏರಿ ಹೋಯಿತು. ಕೆಳಗೆ ಉಳಿದದ್ದು ಸ್ಟೂಲು, ಅದರ ಮೇಲೆ ಅಮ್ಮ.

"ಅಮ್ಮಾ, ಬೆನ್ನ ಮೇಲೆ ಬಾ."

"ನಾನೇನು ಫ್ರಿಡ್ಜಾ?"

"ಮತ್ತೆ ಹೇಗೆ ಹತ್ತುತ್ತೀಯ?"

"ಹತ್ತಲ್ಲ. ಇಲ್ಲೇ ಇರ್ತೀನಿ. ಬೀದೀಲಿ ಕೂತ ತಾಯೀನ ಜನ ನೋಡ್ಲಿ."

ಜನ ನೋಡತೊಡಗಿದರು. ಬಿಸಿಲು ಏರುತ್ತಿತ್ತು. ಲಿಫ್ಟಣ್ಣ ಬೆಲ್ಟು ಕೈಗೆತ್ತಿಕೊಂಡ. ಗೋಣಿ ಬೆನ್ನಿಗೆ ಹಾಕಿಕೊಂಡ. ಅಮ್ಮನ ಹಿಂದೆ ಹೋಗಿ, ಅವಳ ಬೆನ್ನಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸ್ಟೂಲಿನ ತಳಕ್ಕೆ ಬೆಲ್ಟು ತೂರಿಸಿದ.

"ಏನೋ ಮಾಡ್ತಿದ್ದೀಯ?"

"ಸ್ಟೂಲು ಮೇಲೆ ತಗೊಂಡು ಹೋಗ್ತಿದ್ದೀನಿ. ಅದೊಂದೇ ಉಳಿದಿರೋದು."

"ನಾನು ಕೂತಿದ್ದೀನಲ್ಲೋ!"

"ನಾನು ನೋಡಿಲ್ಲ."

ಬೆನ್ನ ಹಿಂದೆ ಸೀರೆ ಸರಿಮಾಡಿಕೊಳ್ಳುವ ಸದ್ದು. ಆಮೇಲೆ, "ಹಾಗಾದ್ರೆ ಸರಿ."

ಡ್ರೈವರಣ್ಣ ಹಳೇ ಬೆಡ್‌ಶೀಟಿನಿಂದ ಅವಳನ್ನು ಸ್ಟೂಲಿಗೆ ಬಿಗಿದ, ಹಿಂದೆ ಕೈ ಕೊಟ್ಟುಕೊಂಡು ಬಂದ. ಮೆಟ್ಟಿಲು ಶುರುವಾಯಿತು. ಮಗ ಮೇಲೆ ನೋಡುತ್ತಿದ್ದ, ಅಮ್ಮ ಕೆಳಗೆ ನೋಡುತ್ತಿದ್ದಳು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಎರಡನೇ ತಿರುವಿನಲ್ಲಿ ಅವನು ಗೋಡೆಗೆ ಭುಜ ಕೊಟ್ಟು ನಿಂತಾಗ ಹಿಂದಿನಿಂದ ಸಣ್ಣ ದನಿ ಬಂತು. ಕೌಂಟರಿನ ದನಿಯಲ್ಲ ಅದು.

"ಭಾರ ಇದೀನೇನೋ?"

"ಸಾಯಿಸ್ತಿದ್ದೀಯ. ಬೀರುನೇ ವಾಸಿ," ಅಂದ.

"ಮತ್ತೇನಂದ್ಕೊಂಡೆ," ಅಂದಳು ಅಮ್ಮ. ದನಿಗೆ ಜೀವ ಬಂದಿತ್ತು.

ಈ ಮಾತು ಹೇಳುವಾಗ ಲಿಫ್ಟಣ್ಣ ಬೆಲ್ಟಿನ ಬಕಲ್ ತಿರುಗಿಸುತ್ತ ಕೂತಿರುತ್ತಾನೆ. "ಸುಳ್ಳು ಸಾರ್. ಖಾಲಿ ಡಬ್ಬ ಎತ್ತಿದ ಹಾಗಿದ್ಲು. ಬೆನ್ನಿಗೆ ಗೊತ್ತಾಗಿಬಿಡುತ್ತಲ್ಲ, ಒಳಗೆ ಏನಿದೆ, ಏನಿಲ್ಲ ಅಂತ. ಅಷ್ಟು ದಿನ ಅವಳಿಗೆ ಹೆದರಿದ್ದೆಲ್ಲ ಇಷ್ಟೇ ಇಷ್ಟಕ್ಕಾ ಅನ್ನಿಸ್ತು. ಭಾರ ಇದ್ದಿದ್ರೆ ಚೆನ್ನಾಗಿರ್ತಿತ್ತು."

ಮೂರನೇ ಮಹಡಿಯಲ್ಲಿ ಉದ್ದನೆಯ ಪ್ಯಾಸೇಜು, ಅದರ ಉದ್ದಕ್ಕೂ ಒಂಟಿ ರೂಮುಗಳು. ಇವನದು ಕೊನೆಯದು: ಒಂದು ಬಾಗಿಲು, ಪಕ್ಕದಲ್ಲಿ ಪ್ಯಾಸೇಜಿಗೆ ತೆರೆಯುವ ಸಣ್ಣ ಕಿಟಕಿ. ಅಮ್ಮನನ್ನು ನಡುವೆ ಇಳಿಸಿ, ಒಂದೊಂದೇ ಸಾಮಾನು ಎತ್ತಿ, ಯಾವುದೇ ಗಿರಾಕಿಯನ್ನು ಕೇಳುವ ಹಾಗೆ ಕೇಳಿದ: "ಇದನ್ನ ಎಲ್ಲಿ ಇಡೋದು?" ಮಂಚ ಅಲ್ಲಿ. ಬೀರು ಇಲ್ಲಿ. ಇಲ್ಲ, ಇಲ್ಲಿ ಬೇಡ, ಅಲ್ಲಿ. ಟ್ರಂಕು ಮಂಚದ ಪಕ್ಕ. ಸ್ಟೂಲು ಕಿಟಕಿ ಹತ್ತಿರ. ಎಲ್ಲ ಮುಗಿದ ಮೇಲೆ ಅವನ ಕೈಯಲ್ಲಿ ಒಂದೇ ಒಂದು ಉಳಿದಿತ್ತು, ಅವನ ಚಾಪೆ.

"ಇದನ್ನ ಎಲ್ಲಿ ಇಡೋದಮ್ಮ?"

ಅಮ್ಮ ಸುತ್ತ ಕಣ್ಣಾಡಿಸಿದಳು. ಕಾಲಿಡಲೂ ಜಾಗವಿರಲಿಲ್ಲ. ಅಭ್ಯಾಸಬಲ, ಬಾಯಿಗೆ ಅದೇ ಬಂತು.

"ಹೌಸ್‌ಫುಲ್."

ಅವತ್ತಿನಿಂದ ಲಿಫ್ಟಣ್ಣ ಮಲಗುವುದು ಪ್ಯಾಸೇಜಿನಲ್ಲಿ, ತನ್ನದೇ ರೂಮಿನ ಕಿಟಕಿಯ ಕೆಳಗೆ. ಪಕ್ಕದ ರೂಮಿನವರು ಅವನ ಕಾಲು ದಾಟಿಕೊಂಡು ಓಡಾಡುತ್ತಾರೆ. ಒಳಗೆ ಅಮ್ಮ ಕೆಮ್ಮುವುದು ಕೇಳಿಸುತ್ತದೆ. ಹಗಲೆಲ್ಲ ಅವಳು ಸ್ಟೂಲಿನ ಮೇಲೆ ಕೂತು ಖಾಲಿ ಪ್ಯಾಸೇಜು ನೋಡುತ್ತಾಳೆ. ಕೆಳಗೆ ಇಳಿದಿಲ್ಲ, ಮೇಲೆ ಯಾರೂ ಬಂದಿಲ್ಲ. ಅಕ್ಕ ಫೋನ್ ಮಾಡಿ "ಊಟ ಮಾಡ್ತಾಳಾ?" ಅನ್ನುತ್ತಾಳೆ, ಇಡುತ್ತಾಳೆ. ಅವನು ಮನೆಗೆ ಬಂದು, ಊಟದ ತಟ್ಟೆ ಅಮ್ಮನ ಕೈಯಿಂದ ಬಾಗಿಲಲ್ಲೇ ಇಸಿದುಕೊಂಡು, ನಿಂತೇ ಉಣ್ಣುತ್ತಾನೆ. ಆಸೆ ಏನು ಅಂದರೆ ಯೋಚಿಸದೆ ಹೇಳುತ್ತಾನೆ: "ನೆಲಮಹಡೀಲಿ ಒಂದು ರೂಮು. ರೋಡಿಗೆ ಕಿಟಕಿ ಇರ್ಬೇಕು. ಹೋಗೋ ಬರೋರು ನಾಲ್ಕು ಜನ ಅವಳ ಹತ್ರ ಬೈಸ್ಕೊಂಡು ಹೋಗ್ಲಿ. ನಾನೊಬ್ನೇ ಸಾಕಾಗಲ್ಲ."

ಮತ್ತೆ ಬೆಳಗಾಗುತ್ತಿದೆ. ಕೆಳಗೆ ಡ್ರೈವರಣ್ಣನ ಹಾರನ್ನು. ಲಿಫ್ಟಣ್ಣ ಚಾಪೆ ಸುತ್ತಿ, ಬೆಲ್ಟು ಹೆಗಲಿಗೆ ಹಾಕಿ, ಕಿಟಕಿಯ ಮುಂದೆ ಬಂದು ನಿಲ್ಲುತ್ತಾನೆ. ಹೋದ ವಾರದಿಂದ ಶುರುವಾದ ಪದ್ಧತಿ ಇದು, ಯಾರು ಶುರು ಮಾಡಿದ್ದು ಅಂತ ಇಬ್ಬರೂ ಒಪ್ಪುವುದಿಲ್ಲ. ಕಿಟಕಿ ಕೈಯಗಲದಷ್ಟು ತೆರೆಯುತ್ತದೆ. ಸುಕ್ಕುಗಟ್ಟಿದ ಒಂದು ಕೈ ಮಾತ್ರ ಹೊರಗೆ ಬರುತ್ತದೆ, ಅದರಲ್ಲಿ ಹೊಗೆಯಾಡುವ ಟೀ ಲೋಟ. ಮುಖ ಕಾಣುವುದಿಲ್ಲ.

"ತಗೊಂಡ ಮೇಲೆ ಮುಂದೆ ಹೋಗು. ಹಿಂದಿನೋರು ಕಾಯ್ತಾರೆ."

"ಹಿಂದೆ ಯಾರೂ ಇಲ್ಲಮ್ಮ."

"ಬರ್ತಾರೆ. ಜಾಗ ಬಿಡು."

ಅವನು ಜಾಗ ಬಿಡುತ್ತಾನೆ. ಕಿಟಕಿಯ ಮುಂದೆ ಒಬ್ಬರು ನಿಲ್ಲುವಷ್ಟು ನೆಲ ಖಾಲಿ ಬಿಟ್ಟು, ಗೋಡೆಗೆ ಒರಗಿ ಟೀ ಕುಡಿಯುತ್ತಾನೆ. ಕಿಟಕಿ ಇನ್ನೂ ತೆರೆದೇ ಇದೆ. ಹಾರನ್ನು ಮತ್ತೆ ಕೂಗುತ್ತದೆ. ಲೋಟ ಕೆಳಗಿಟ್ಟು, ಮೆಟ್ಟಿಲಿನ ಕಡೆ ನಡೆಯುತ್ತ, ದನಿ ತಗ್ಗಿಸಿ ಹೇಳುತ್ತಾನೆ:

"ಅಕ್ಕ ಬಂದ್ರೂ ನನ್ನ ಹಿಂದೇನೇ ನಿಂತ್ಕೋಬೇಕು ಸಾರ್. ಲೈನ್ ಅಂದ್ರೆ ಲೈನು."