ಯಾರ ಕಡೆಯ ನೆಂಟ

ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನ ಲ್ಯಾಡ್ ಹಾವ್ರನ್ ಬದುಕಿಡೀ ಬೇರೆಯವರು ಹುಟ್ಟಿಸಿದ ಶೂರರ ಚಿತ್ರಗಳನ್ನೇ ಬರೆದವನು. ನ್ಯೂಯಾರ್ಕಿನಲ್ಲಿದ್ದಾಗ ಕಾಮಿಕ್ಸ್ ಪುಸ್ತಕಗಳಿಗೆ, ಆಮೇಲೆ ಇಲ್ಲಿಗೆ ಬಂದು ಸಿನಿಮಾದವರಿಗೆ. ಅವನೇ ಹುಟ್ಟಿಸಿದ್ದು ಒಂದೇ ಒಂದು ಪಾತ್ರ, ಅದೂ ಖಳ. ಹೆಸರು ‘ನೆಂಟ’. ಒಂದೇ ಸಂಚಿಕೆಯಲ್ಲಿ ಬಂದು ಹೋದ ಅವನನ್ನು ಓದುಗರು ಮರೆತರು. ಲ್ಯಾಡ್‌ಗೆ ಬೇಸರವಾಗಲಿಲ್ಲ, ಒಳಗೊಳಗೇ ನೆಮ್ಮದಿಯಾಯಿತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಎಂಬತ್ತರ ಹತ್ತಿರ ಬಂದರೂ ಪೆನ್ಸಿಲ್ ಚೂಪು ಮಾಡದೆ ಬೆಳಗಿನ ಕಾಫಿ ಮುಟ್ಟುತ್ತಿರಲಿಲ್ಲ.

ಮರೆತುಹೋದ ನೆಂಟನನ್ನು ಹುಡುಕಿ ತೆಗೆದವಳು ಮಾರ್ಲಾ. ಅವಳೂ ಟೋಬಿಯೂ ಜೊತೆಯಾಗಿ ಚಿತ್ರಕಥೆ ಬರೆಯುವವರು; ದೊಡ್ಡದೊಂದು ಸೂಪರ್‌ಹೀರೋ ಸರಣಿಯ ಆರನೆಯ ಸಿನಿಮಾ ಅವರ ಕೈಯಲ್ಲಿತ್ತು. ಹಳೇ ಪುಸ್ತಕದಂಗಡಿಯಲ್ಲಿ ಆ ಸಂಚಿಕೆ ಸಿಕ್ಕಿದ್ದೇ ತಡ, ಟೋಬಿಯನ್ನು ಎಳೆದುಕೊಂಡು ಲ್ಯಾಡ್‌ನ ಮನೆ ಬಾಗಿಲು ತಟ್ಟಿದಳು. ಕುಳ್ಳಿ, ದೊಡ್ಡ ಗಂಟಲಿನವಳು, ಯಾವಾಗಲೂ ಏನಾದರೂ ಅಗಿಯುತ್ತಿರುವವಳು. ಮುದುಕನಿಗೆ ಅವಳು ಕಂಡ ತಕ್ಷಣವೇ ಹಿಡಿಸಿದಳು.

“ಯಜಮಾನ್ರೇ, ನಿಮ್ ನೆಂಟನ್ನ ಸಿನಿಮಾಕ್ಕೆ ಕರೀಬೇಕು ಅಂತಿದೀವಿ. ಸ್ಟುಡಿಯೋಗೆ ಬಂದು ಒಂದ್ ಮಾತು ಹೇಳಿ.”

“ಕರೀಬೇಡಮ್ಮ. ಅವನು ಕರೀದೇನೇ ಬರೋನು.”

“ಆಹಾ! ಈ ಡೈಲಾಗ್ ನಾನ್ ಕದ್ದೆ,” ಎಂದು ನಕ್ಕಳು.

ಸ್ಟುಡಿಯೋದಲ್ಲಿ ಸಭೆ ಸೇರಿದ್ದು ಒಂದು ಮಧ್ಯಾಹ್ನ; ಲ್ಯಾಡ್ ಹೋಗಿದ್ದೂ ಬೇಡ ಅನ್ನಲೆಂದೇ. ನಿರ್ಮಾಪಕಿ ಕಾರಿನ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ.

“ಈಗ್ಲೇ ಹದಿನಾಲ್ಕು ಹೀರೋಗಳು, ಮೂರು ವಿಲನ್. ಪೋಸ್ಟರಲ್ಲಿ ಇನ್ನೊಂದು ಮೂಗು ಹಿಡಿಸೋಕೂ ಜಾಗ ಇಲ್ಲ. ಇವನನ್ನ ಎಲ್ಲಿ ಕೂರಿಸ್ಲಿ, ನನ್ ತಲೆ ಮೇಲಾ?”

“ಅದ್ರಲ್ಲೇ ಇರೋದು ಮಜಾ,” ಎಂದಳು ಮಾರ್ಲಾ. “ಮೊದಲಿಂದ್ಲೂ ಅವರ ಜೊತೆಗೇ ಇದ್ದ ಅಂತ ತೋರಿಸ್ತೀವಿ. ಅಷ್ಟು ದೊಡ್ಡ ಗುಂಪಲ್ಲಿ ಯಾರು ಎಣಿಸ್ತಾರೆ?”

“ಅದಕ್ಕೇ ಬೇಡ ಅನ್ನೋದು,” ಎಂದ ಲ್ಯಾಡ್. ಹೆಂಡತಿಗೂ ಹೇಳದೆ ಉಳಿಸಿಕೊಂಡಿದ್ದನ್ನು ಅವತ್ತು ಅವರ ಮುಂದೆ ಹೇಳಿದ.

ಲ್ಯಾಡ್ ಹುಟ್ಟಿದ್ದು ಮೆಕೀಸ್‌ಪೋರ್ಟಿನಲ್ಲಿ, ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದ. ಮನೆಯಲ್ಲಿ ಸ್ಟೆಫ್ ಅಂಕಲ್ ಅಂತ ಒಬ್ಬನಿದ್ದ. ಅವರ ಮಾತಿನಲ್ಲಿ ಚಿಕ್ಕಪ್ಪನೂ ಅಂಕಲ್ಲೇ, ಸೋದರಮಾವನೂ ಅಂಕಲ್ಲೇ. ಯಾರ ಕಡೆಯವನು ಎಂದು ಯಾರೂ ಕೇಳಲಿಲ್ಲ. ಅಮ್ಮ ಮಾಡಿದ ಎಲೆಕೋಸಿನ ಸುರುಳಿ ತಿನ್ನುತ್ತಿದ್ದ, ಮಕ್ಕಳ ಬೂಟು ಹೊಲಿದುಕೊಡುತ್ತಿದ್ದ, ಶಿಳ್ಳೆ ಹಾಕುತ್ತಿದ್ದ. ಒಂದು ಚಳಿಗಾಲದಲ್ಲಿ ಹೊರಟುಹೋದ. ಮುಂದೆ ಅಜ್ಜಿ ತೀರಿಕೊಂಡು ಎರಡೂ ಕಡೆಯವರು ಸೇರಿದಾಗ ಅಮ್ಮ ಕೇಳಿದಳು: “ನಿಮ್ಮ ತಮ್ಮ ಬರ್ಲಿಲ್ವಲ್ಲ?” ಅಪ್ಪ ಬೆಪ್ಪಾದ. “ನನ್ ತಮ್ಮನಾ? ಅವನು ನಿನ್ನಣ್ಣ ಅಲ್ವೇನೇ?”

“ಯಾರೋ ಬಂದು ಉಂಡು ಹೋದ ಅಂತ ಬಿಟ್ಟುಬಿಡಬಹುದಿತ್ತು,” ಎಂದ ಲ್ಯಾಡ್. “ಆದ್ರೆ ನಾವು ಇಬ್ಬರೇ ಮಕ್ಕಳು, ನಾನು ನನ್ ತಂಗಿ. ಅಮ್ಮ ಮಕ್ಕಳಿಗೆ ಅಂತ ಮೂರು ತಟ್ಟೆ ಹಾಕೋಳು. ಹಾಕಿ, ನೋಡಿ, ಒಂದನ್ನ ಎತ್ತಿಡೋಳು. ಯಾಕಮ್ಮ ಅಳ್ತೀಯ ಅಂದ್ರೆ ಗೊತ್ತಿಲ್ಲ ಕಣೋ ಅನ್ನೋಳು. ಸಾಯೋವರೆಗೂ ಹಂಗೇ. ಅವನು ಹೋಗೋವಾಗ ಒಬ್ಬರನ್ನ ಕರ್ಕೊಂಡು ಹೋಗ್ತಾನೆ. ಹೋದೋರ ನೆನಪನ್ನೂ ಗುಡಿಸ್ಕೊಂಡು ಹೋಗ್ತಾನೆ.”

ಮಾರ್ಲಾ ಅಗಿಯುವುದನ್ನು ನಿಲ್ಲಿಸಿದ್ದಳು.

“ಇಂಥ ಕಥೆ ಬಿಟ್ಟೋರುಂಟಾ? ಸೇರಿಸಲೇಬೇಕು,” ಎಂದ ಅವಳ ಪಕ್ಕದಲ್ಲಿದ್ದ ಬೂದು ಸ್ವೆಟರಿನವನು. ಬಂದಾಗಿನಿಂದ ಎಲ್ಲರಿಗೂ ಕಾಫಿ ಬಗ್ಗಿಸಿಕೊಟ್ಟವನು ಅವನೇ. ಲ್ಯಾಡ್ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎನ್ನುವುದು ಅವನಿಗೆ ಕೇಳದೆಯೇ ಗೊತ್ತಿತ್ತು.

ಲ್ಯಾಡ್ ಕಾರಿನ್ ಕಡೆ ಬಾಗಿದ. “ಅವರ್ಯಾರು?”

“ಟೋಬಿ ಕಡೆಯೋರು.”

ಆ ಕಡೆ ಟೋಬಿ ಹುಬ್ಬೇರಿಸಿದ. “ನಮ್ ಕಡೆನಾ? ನಿಮ್ ಆಫೀಸಿನೋರು ಅಂದ್ಕೊಂಡಿದ್ದೆ.”

ಸ್ವೆಟರಿನವನು ಲ್ಯಾಡ್‌ನನ್ನೇ ನೋಡಿ ಅಕ್ಕರೆಯಿಂದ ನಕ್ಕ. “ಎಷ್ಟ್ ವಯಸ್ಸಾಗೋಯ್ತೋ ಲ್ಯಾಡ್ ನಿಂಗೆ!” ಮೆಕೀಸ್‌ಪೋರ್ಟಿನ ಊಟದ ಮೇಜಿನಾಚೆಯಿಂದ ಬರುತ್ತಿದ್ದ ಅದೇ ದನಿ. ಮುಖದಲ್ಲಿ ಒಂದು ಗೆರೆಯೂ ಹೆಚ್ಚಾಗಿರಲಿಲ್ಲ.

ಲ್ಯಾಡ್ ಮೇಜು ಹಿಡಿದುಕೊಂಡು ಎದ್ದ. “ಬೇಡ ಅನ್ನಿ! ಕಾರಿನ್, ಸೇರಿಸಲ್ಲ ಅಂತ ಈಗ್ಲೇ ಹೇಳಿ!”

ಅವನ ಮುಖ ನೋಡಿ ಕಾರಿನ್ ಹೆದರಿದಳು. “ಆಯ್ತು, ಆಯ್ತು. ಬೇಡ. ಬಿಟ್ಬಿಟ್ವಿ.”

ಸ್ವೆಟರಿನವನಿಗೆ ಸಿಟ್ಟೇನೂ ಬರಲಿಲ್ಲ. “ಸರಿ, ಹಂಗಾದ್ರೆ ಹೊರಡೋಣ,” ಎಂದ. ಬಾಗಿಲು ತೆರೆದು, ಯಾರನ್ನೋ ಮುಂದೆ ಬಿಡುವವನಂತೆ ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಂತ. ಆಮೇಲೆ ತಾನೂ ಹೋದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಮಾರ್ಲಾಳ ಕುರ್ಚಿ ಖಾಲಿಯಿತ್ತು. ಅತ್ತ ಯಾರೂ ತಿರುಗಿಯೂ ನೋಡಲಿಲ್ಲ. ಎಲ್ಲರೂ ಉಳಿದರಲ್ಲ ಎಂದು ಲ್ಯಾಡ್ ದೊಡ್ಡ ಉಸಿರು ಬಿಟ್ಟ.

ಟೋಬಿಯೇ ಅವನನ್ನು ಮನೆಗೆ ಬಿಡಲು ಹೊರಟ. ಅವನ ಕಾರಿನಲ್ಲಿ ಪಕ್ಕದ ಸೀಟು ತೀರಾ ಮುಂದಕ್ಕೆ ಎಳೆದಿದ್ದರಿಂದ ಲ್ಯಾಡ್‌ನ ಮೊಣಕಾಲು ತಗುಲಿತು.

“ಇಷ್ಟ್ ಮುಂದೆ ಯಾರಪ್ಪಾ ಕೂರೋದು?”

“ಯಾರೂ ಇಲ್ಲ ಸರ್. ನಾನೊಬ್ಬನೇ ಅಲ್ವಾ ಓಡಾಡೋದು,” ಎಂದ ಟೋಬಿ. ಸ್ವಲ್ಪ ದೂರ ಹೋದವನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಲ್ಯಾಡ್ ಅವನ ಬೆನ್ನ ಮೇಲೆ ಕೈಯಿಟ್ಟ. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ.

ನೆಂಟನಿಲ್ಲದೆಯೇ ಸಿನಿಮಾ ಬಂತು, ಚೆನ್ನಾಗಿ ಓಡಿತು. ಟೋಬಿ ಭಾನುವಾರಗಳಂದು ಊಟ ಕಟ್ಟಿಸಿಕೊಂಡು ಲ್ಯಾಡ್‌ನ ಮನೆಗೆ ಬರತೊಡಗಿದ. ಒಂದು ಸಲ ತಿನ್ನುತ್ತಾ ಕೇಳಿದ:

“ಸರ್, ನಂಗೂ ನಿಮಗೂ ಪರಿಚಯ ಆಗಿದ್ದು ಹೆಂಗೆ?”

“ಯಾರೋ ಮಾಡಿಸಿದ್ರು ಕಣಯ್ಯ,” ಎಂದ ಲ್ಯಾಡ್.

“ಯಾರು?”

ಲ್ಯಾಡ್ ಎದ್ದು ಬಾಗಿಲ ಚಿಲಕ ಹಾಕಿ ಬಂದ. ಕರೆಯದೇ ಬರುವವನು ನೆಂಟನೊಬ್ಬನೇ; ನೀನು ಇನ್ನು ಮೇಲೆ ಬರುವಾಗ ಬಾಗಿಲಲ್ಲೇ ನಿಂತು ಹೆಸರು ಹೇಳು, ನಾನು ಬಾ ಅಂದ ಮೇಲೇ ಒಳಗೆ ಬಾ ಎಂದಷ್ಟೇ ಹೇಳಿದ.